ಒಗೆದ ನೋಟು, ಒರೆಸಿದ ಬರಹ: ಕಾಗದದ ನೇರಳಾತೀತ ಪರೀಕ್ಷೆಯ ಚರಿತ್ರೆ

ಐನೂರು ರೂಪಾಯಿಯ ನೋಟೊಂದನ್ನು ಅಂಗಡಿಯವರು ಗಲ್ಲಾಪೆಟ್ಟಿಗೆ ಪಕ್ಕದ ನೇರಳೆ ದೀಪದ ಕೆಳಗೆ ಹಿಡಿದು ನೋಡಿ, “ಇದು ಬೇಡ ಸಾರ್, ಬೇರೆ ಇದ್ದರೆ ಕೊಡಿ” ಎಂದು ನನಗೇ ಹಿಂದಿರುಗಿಸಿದರು. ನೋಟು ಖೋಟಾ ಆಗಿರಲಿಲ್ಲ. ಹಿಂದಿನ ದಿನ ಪ್ಯಾಂಟಿನ ಜೇಬಿನಲ್ಲೇ ಉಳಿದು, ಬಟ್ಟೆಗಳ ಜೊತೆ ಸೋಪಿನ ಪುಡಿಯಲ್ಲಿ ಒಂದು ಸುತ್ತು ಒಗೆಸಿಕೊಂಡು ಬಂದಿತ್ತು, ಅಷ್ಟೆ. ಅಸಲಿ ನೋಟಿನ ಹತ್ತಿ ಕಾಗದ ಆ ದೀಪದ ಕೆಳಗೆ ಮಂಕಾಗಿ ಕೂತಿರುತ್ತದೆ. ಅಂಕಿಗಳ ಶಾಯಿ ಮತ್ತು ಅಲ್ಲಲ್ಲಿ ಹುದುಗಿಸಿದ ಸಣ್ಣ ಎಳೆಗಳು ಮಾತ್ರ ಹೊಳೆಯುತ್ತವೆ. ಬಜಾರಿನ ಬಿಳಿ ಕಾಗದದಲ್ಲಿ ಛಾಪಿಸಿದ ಖೋಟಾ ನೋಟು ಇಡಿಯಾಗಿ ನೀಲಿ ಬಿಳುಪಿನಿಂದ ಝಗ್ಗೆನ್ನುತ್ತದೆ. ಸೋಪಿನ ಪುಡಿಯಲ್ಲಿರುವುದೂ ಆ ಬಿಳಿ ಕಾಗದದಲ್ಲಿರುವುದೂ ಒಂದೇ ಜಾತಿಯ ರಾಸಾಯನಿಕವಾದ್ದರಿಂದ ನನ್ನ ನೋಟು ಕೂಡ ಝಗ್ಗೆಂದಿತ್ತು. ದೀಪ ಸುಳ್ಳು ಹೇಳಿರಲಿಲ್ಲ. ಆ ಕಾಗದಕ್ಕೆ ಏನಾಗಿತ್ತೋ ಅದನ್ನೇ ತೋರಿಸಿತ್ತು. ಅಂಗಡಿಯವರು ಕೇಳಿದ್ದು ಬೇರೆ ಪ್ರಶ್ನೆ.

ಪ್ರಸ್ತುತ ಲೇಖನದ ವಾದವೂ ಇದೇ ಜಾಡಿನದು. ನೇರಳಾತೀತ ಬೆಳಕನ್ನು ಹಳೆಯ ಹಾಳೆಗಳ ಎದುರು ಮೊದಲು ತಂದು ನಿಲ್ಲಿಸಿದವರಿಗೆ ಬೇಕಿದ್ದದ್ದು ಅಳಿದುಹೋದ ಅಕ್ಷರ. ಆಮೇಲೆ ಬಂದವರಿಗೆ ಬೇಕಾದದ್ದು ಅಸಲಿ ಯಾವುದು, ನಕಲಿ ಯಾವುದು ಎಂಬ ತೀರ್ಪು. ಆದರೆ ಸುಮಾರು ನೂರು ವರ್ಷಗಳ ಈ ಚರಿತ್ರೆಯನ್ನು ಹಿಂತಿರುಗಿ ನೋಡಿದರೆ, ದೀಪ ಅತ್ಯಂತ ನಿಚ್ಚಳವಾಗಿ ಉತ್ತರಿಸಿರುವುದು ಮೂರನೆಯದೊಂದು ಪ್ರಶ್ನೆಗೆ: ಈ ಕಾಗದದ ಮೇಲೆ ಯಾರು ಏನು ಮಾಡಿದರು? ತೊಳೆದರೇ, ಹರಿದಲ್ಲಿ ತೇಪೆ ಹಾಕಿದರೇ, ಅಕ್ಷರ ಕೆರೆದರೇ, ಒದ್ದೆ ಮಾಡಿ ನೇತುಹಾಕಿದರೇ?

ನೇರಳೆ ಬಣ್ಣದ ಆಚೆಗೂ ಬೆಳಕಿದೆ ಎಂದು ತೋರಿಸಿದವನು ಯೆನಾದ ಯೋಹಾನ್ ವಿಲ್ಹೆಲ್ಮ್ ರಿಟ್ಟರ್, 1801ರಲ್ಲಿ. ಹಿಂದಿನ ವರ್ಷವಷ್ಟೇ ವಿಲಿಯಂ ಹರ್ಷೆಲ್ ಕೆಂಪಿನ ಆಚೆಗಿನ ಶಾಖಕಿರಣಗಳನ್ನು ಕಂಡಿದ್ದ. ಆ ತುದಿಯಲ್ಲಿ ಒಂದಿದ್ದರೆ ಈ ತುದಿಯಲ್ಲೂ ಇರಬೇಕೆಂದು ರಿಟ್ಟರ್ ಬೆಳ್ಳಿಯ ಕ್ಲೋರೈಡ್ ಸವರಿದ ಕಾಗದವನ್ನು ರೋಹಿತದಲ್ಲಿ ಹಿಡಿದ. ಕಣ್ಣಿಗೆ ಏನೂ ಕಾಣದ, ನೇರಳೆಯ ಹೊರಗಿನ ಜಾಗದಲ್ಲೇ ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಹೀಗೆ ಈ ಬೆಳಕನ್ನು ಮೊದಲು ಹಿಡಿದುಕೊಟ್ಟದ್ದೇ ಒಂದು ಕಾಗದದ ಚೂರು.

ಅರ್ಧ ಶತಮಾನದ ನಂತರ, 1852ರಲ್ಲಿ, ಕೇಂಬ್ರಿಜ್‌ನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಕ್ವಿನೈನ್ ದ್ರಾವಣ ತುಂಬಿದ ಗಾಜಿನ ನಳಿಕೆಯನ್ನು ಸೂರ್ಯರೋಹಿತದ ಉದ್ದಕ್ಕೂ ಸರಿಸುತ್ತ ಹೋದ. ಕೆಂಪಿನಲ್ಲಿ, ಹಸಿರಿನಲ್ಲಿ ಅದು ಬರೀ ನೀರಿನ ಹಾಗೆ ಇತ್ತು. ನೇರಳೆ ದಾಟಿ ಕತ್ತಲೆಗೆ ಕಾಲಿಟ್ಟೊಡನೆ ನಳಿಕೆ ತಿಳಿನೀಲಿಯಾಗಿ ಬೆಳಗಿತು. ಮಲೆನಾಡಿನ ಹಳಬರು ಚಳಿಜ್ವರಕ್ಕೆ ನುಂಗಿದ ಕಹಿಮಾತ್ರೆಯೊಳಗೆ ಇಂಥದೊಂದು ದೀಪವಿತ್ತೆಂದು ಅವರಿಗೆ ಯಾರೂ ಹೇಳಿರಲಾರರು. ವಸ್ತು ಕಾಣದ ಬೆಳಕನ್ನು ನುಂಗಿ, ಅದನ್ನು ಇನ್ನೂ ಉದ್ದದ ಅಲೆಯ, ಕಣ್ಣಿಗೆ ಕಾಣುವ ಬೆಳಕಾಗಿ ಹೊರಬಿಡುತ್ತದೆ ಎಂದು ಸ್ಟೋಕ್ಸ್ ವಿವರಿಸಿದ. ಫ್ಲೋರ್‌ಸ್ಪಾರ್ ಎಂಬ ಖನಿಜದ ಹೆಸರಿನಿಂದ ಇದಕ್ಕೆ ಫ್ಲೋರೆಸೆನ್ಸ್ ಎಂಬ ಮಾತನ್ನು ಕಟ್ಟಿದ. ಕನ್ನಡದಲ್ಲಿ ಪ್ರತಿದೀಪ್ತಿ ಎನ್ನುತ್ತೇವೆ. 1920ರ ದಶಕದಲ್ಲಿ ಕಲ್ಕತ್ತೆಯ ಪ್ರಯೋಗಾಲಯದಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರು ಕಂಡ ಮಸುಕು ಬೆಳಕನ್ನು ಮೊದಲಿಗೆ ದುರ್ಬಲ ಪ್ರತಿದೀಪ್ತಿಯೆಂದೇ ಎಣಿಸಿದ್ದರು; ಅದು ಪ್ರತಿದೀಪ್ತಿ ಅಲ್ಲವೆಂದು ಗಟ್ಟಿಯಾದಾಗ ರಾಮನ್ ಪರಿಣಾಮ ಹುಟ್ಟಿತು. ಅದು ಬೇರೆ ಕಥೆ.

ಇನ್ನು ಹಾಳೆಗಳ ಕಡೆಗೆ ಬರೋಣ. ದೀಪ ಬರುವ ಮುಂಚೆ ವಿದ್ವಾಂಸರು ಅಳಿದ ಬರಹವನ್ನು ಓದುತ್ತಿದ್ದ ರೀತಿ ಕೇಳಿದರೆ ಇವತ್ತಿನ ಸಂರಕ್ಷಕರ ಎದೆ ಝಲ್ಲೆನ್ನುತ್ತದೆ. ಮಧ್ಯಯುಗದ ಯೂರೋಪಿನಲ್ಲಿ ಚರ್ಮದ ಹಾಳೆ ದುಬಾರಿ. ಹಳೆಯ ಗ್ರಂಥವನ್ನು ತೊಳೆದು, ಕೆರೆದು, ಅದರ ಮೇಲೆಯೇ ಹೊಸದನ್ನು ಬರೆಯುತ್ತಿದ್ದರು. ಪ್ಯಾಲಿಂಪ್ಸೆಸ್ಟ್ ಎಂದರೆ ಇದೇ. 1819ರಲ್ಲಿ ವ್ಯಾಟಿಕನ್‌ನ ಗ್ರಂಥಪಾಲಕ ಆಂಜೆಲೊ ಮಾಯ್‌ಗೆ ಸಂತ ಅಗಸ್ಟೀನನ ಕೀರ್ತನಾಭಾಷ್ಯದ ಅಡಿಯಲ್ಲಿ ಸಿಸಿರೊ ರಾಜ್ಯವ್ಯವಸ್ಥೆಯ ಬಗ್ಗೆ ಬರೆದ, ಕಳೆದೇಹೋಯಿತೆಂದು ತಿಳಿದಿದ್ದ ಕೃತಿಯ ಒಂದು ಭಾಗ ಕಂಡಿತು. ಕಂಡಿತು ಎಂದರೆ ಸುಮ್ಮನೆ ಕಾಣಲಿಲ್ಲ. ಓಕ್ ಮರದ ಗಂಟುಕಾಯಿಯ ಕಷಾಯವನ್ನು ಹಾಳೆಗೆ ಬಳಿದು, ಅಳಿದ ಶಾಯಿಯಲ್ಲಿ ಉಳಿದಿದ್ದ ಕಬ್ಬಿಣದ ಜೊತೆ ಟ್ಯಾನಿನ್ ಕೂಡಿ ಮತ್ತೆ ಕಪ್ಪಾಗುವಂತೆ ಮಾಡಿದ. ಟ್ಯೂರಿನ್ನಿನ ರಸಾಯನಜ್ಞ ಜೊಬೆರ್ಟ್‌ನ ಹೆಸರಿನ ಇನ್ನೊಂದು ದ್ರಾವಣ ಇದಕ್ಕಿಂತ ಜೋರು: ಪೊಟ್ಯಾಸಿಯಂ ಫೆರೋಸಯನೈಡ್ ಮತ್ತು ಆಮ್ಲ. ಸವರಿದೊಡನೆ ಅಕ್ಷರಗಳು ಪ್ರಶ್ಯನ್ ನೀಲಿಯಾಗಿ ಎದ್ದು ಬರುತ್ತಿದ್ದವು. ಕೆಲವು ವರ್ಷಗಳಲ್ಲಿ ಆ ನೀಲಿ ಹರಡಿ, ಹಾಳೆ ಕಂದಿ, ಒಮ್ಮೆ ಓದಿದ್ದನ್ನು ಎರಡನೆಯವರು ಓದಲಾಗದಂತೆ ಆಗುತ್ತಿತ್ತು. 1816ರಲ್ಲಿ ವೆರೋನಾದಲ್ಲಿ ನೀಬೂರ್ ಪತ್ತೆ ಮಾಡಿದ ರೋಮನ್ ನ್ಯಾಯಶಾಸ್ತ್ರಜ್ಞ ಗಾಯಸ್‌ನ ಗ್ರಂಥಕ್ಕೆ ನಂತರ ಬಂದ ಓದುಗರು ಈ ಔಷಧ ಹಚ್ಚಿಯೇ ಹಚ್ಚಿದರು. ಆ ಪುಟಗಳು ಇಂದಿಗೂ ಕಲೆಗಳ ಗೂಡು. ಅಕ್ಷರ ಉಳಿಸಲು ಹೊರಟವರೇ ಅಕ್ಷರ ತಿಂದದ್ದು 19ನೇ ಶತಮಾನದ ಗ್ರಂಥಾಲಯಗಳ ದೊಡ್ಡ ವಿಪರ್ಯಾಸ.

ಇದಕ್ಕೆ ಎದುರುಮಾತು ಸಂಘಟಿತವಾಗಿ ಕೇಳಿಬಂದದ್ದು 1898ರಲ್ಲಿ. ವ್ಯಾಟಿಕನ್ ಗ್ರಂಥಾಲಯದ ಮುಖ್ಯಸ್ಥ ಫ್ರಾನ್ಜ್ ಏರ್ಲೆ ಮುಂದೆ ನಿಂತು, ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್‌ನಲ್ಲಿ ಹಳೆಯ ಹಸ್ತಪ್ರತಿಗಳ ರಕ್ಷಣೆಯ ಬಗ್ಗೆ ಅಂತರರಾಷ್ಟ್ರೀಯ ಸಭೆ ಕೂಡಿಸಿದ. ಅದೇ ದಶಕದಲ್ಲಿ ಜರ್ಮನಿಯ ಪ್ರಿಂಗ್ಸ್‌ಹೈಮ್ ಮತ್ತು ಗ್ರಾಡೆನ್‌ವಿಟ್ಜ್ ಒಂದು ಛಾಯಾಚಿತ್ರದ ಮೇಲೆ ಇನ್ನೊಂದರ ನೆಗೆಟಿವ್ ಇಟ್ಟು, ಮೇಲಿನ ಬರಹವನ್ನು ಕಳೆದು ಕೆಳಗಿನದನ್ನು ಉಳಿಸಿಕೊಳ್ಳುವ ಉಪಾಯ ಹೂಡಿದರು. ಇಂದು ಕಂಪ್ಯೂಟರು ಕ್ಷಣದಲ್ಲಿ ಮಾಡುವ ಕಳೆಯುವ ಲೆಕ್ಕವನ್ನು ಅವರು ಗಾಜಿನ ಫಲಕಗಳಲ್ಲಿ ಮಾಡಿದ್ದರು. ಮುಟ್ಟದೆ ಓದಬೇಕು ಎಂಬ ಹಟ ಹುಟ್ಟಿತ್ತು. ತಕ್ಕ ಬೆಳಕು ಇನ್ನೂ ಸಿಕ್ಕಿರಲಿಲ್ಲ.

ಆ ಬೆಳಕು ಸಿಕ್ಕಿದ್ದು ಒಂದು ಮಠದಲ್ಲಿ. ದಕ್ಷಿಣ ಜರ್ಮನಿಯ ಬಾಯ್ರೋನ್‌ನ ಬೆನೆಡಿಕ್ಟಿನ್ ಸಂನ್ಯಾಸಿಗಳು 1912ರಲ್ಲಿ ಪ್ಯಾಲಿಂಪ್ಸೆಸ್ಟ್‌ಗಳಿಗೆಂದೇ ಒಂದು ಸಂಸ್ಥೆ ತೆರೆದರು. ಅಲ್ಲಿನ ರಾಫೇಲ್ ಕೋಗೆಲ್ ಎಂಬ ಸಂನ್ಯಾಸಿ ಕ್ಯಾಮೆರಾ ಬಲ್ಲವನು, ರಸಾಯನವನ್ನೂ ಬಲ್ಲವನು. ಅಷ್ಟುಹೊತ್ತಿಗೆ ಹನಾವ್‌ನ ಹೆರಾಯಸ್ ಕಾರ್ಖಾನೆಯಲ್ಲಿ ರಿಚರ್ಡ್ ಕ್ಯೂಖ್ ಸ್ಫಟಿಕಶಿಲೆಯನ್ನು ಕರಗಿಸಿ ಮಾಡಿದ ಪಾದರಸದ ದೀಪ ಬಳಕೆಗೆ ಬಂದಿತ್ತು. ಮಾಮೂಲಿ ಗಾಜು ನೇರಳಾತೀತದ ಬಹುಪಾಲನ್ನು ತಡೆದುಬಿಡುತ್ತದೆ, ಕ್ವಾರ್ಟ್ಜ್ ತಡೆಯುವುದಿಲ್ಲ. ಕೋಗೆಲ್ ಮಾಡಿದ್ದು ಕೇಳಲು ಸರಳ. ಕತ್ತಲೆ ಕೋಣೆಯಲ್ಲಿ ಹಾಳೆಯ ಮೇಲೆ ನೇರಳಾತೀತ ಮಾತ್ರ ಬೀಳುವಂತೆ ದೀಪಕ್ಕೆ ಒಂದು ಸೋಸುಗ. ಹಾಳೆಯಿಂದ ಮರಳಿ ಚಿಮ್ಮುವ ನೇರಳಾತೀತ ಒಳಗೆ ಬಾರದೆ, ಹಾಳೆ ತಾನೇ ಹೊಮ್ಮಿಸುವ ಬೆಳಕು ಮಾತ್ರ ಬರುವಂತೆ ಮಸೂರಕ್ಕೆ ಇನ್ನೊಂದು. ಚರ್ಮದ ಹಾಳೆ ನೀಲಿ ಬಿಳುಪಾಗಿ ಬೆಳಗಿತು. ಶಾಯಿ ಇದ್ದ ಜಾಗ, ತೊಳೆದು ಶತಮಾನಗಳಾಗಿದ್ದರೂ, ಬೆಳಗಲಿಲ್ಲ. ಅಕ್ಷರ ಇದ್ದದ್ದರಿಂದಲ್ಲ, ಸುತ್ತಲಿನ ಬೆಳಕು ಅಲ್ಲಿ ಇಲ್ಲದ್ದರಿಂದ ಓದಲು ಬಂತು. 1914ರಲ್ಲಿ ಪ್ರಶ್ಯನ್ ವಿಜ್ಞಾನ ಅಕಾಡೆಮಿಯ ವರದಿಗಳಲ್ಲಿ ಅವನ ವಿಧಾನ ಅಚ್ಚಾಯಿತು. ಆ ವರ್ಷ ಯೂರೋಪಿನ ಗಮನ ಎಲ್ಲಿತ್ತೆಂದು ಬೇರೆ ಹೇಳಬೇಕಿಲ್ಲ.

ಆಗ ಶುರುವಾದ ಮೊದಲ ಮಹಾಯುದ್ಧವೇ ದೀಪದ ಉಳಿದರ್ಧವನ್ನು ಕೊಟ್ಟಿತು. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಶತ್ರುವಿಗೆ ಕಾಣದ ಸಂಕೇತದೀಪಕ್ಕಾಗಿ, ಸುಮಾರು 9 ಪ್ರತಿಶತ ನಿಕಲ್ ಆಕ್ಸೈಡ್ ಸೇರಿಸಿ ಕಪ್ಪನೆಯ ಗಾಜೊಂದನ್ನು ರೂಪಿಸಿದ. ಕಣ್ಣಿಗೆ ಕಾಣುವ ಬೆಳಕನ್ನು ನುಂಗಿ 365 ನ್ಯಾನೊಮೀಟರಿನ ಸುತ್ತಮುತ್ತಲಿನದನ್ನು ಮಾತ್ರ ಬಿಡುವ ಗಾಜು ಅದು. ಪಾದರಸದ ದೀಪದ ಪ್ರಬಲ ಗೆರೆಗಳಲ್ಲಿ ಒಂದು ಸರಿಯಾಗಿ ಅಲ್ಲೇ ಇದೆ. ಚರ್ಮರೋಗ ವೈದ್ಯರು ವುಡ್ ದೀಪ ಎಂದು ಇವತ್ತಿಗೂ ಕರೆಯುವುದು ಇದನ್ನೇ. 1920ರ ದಶಕ ಮುಗಿಯುವ ಹೊತ್ತಿಗೆ ದೀಪ ವಸ್ತುಸಂಗ್ರಹಾಲಯಗಳಿಗೆ ಬಂದಿತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಜೇಮ್ಸ್ ರೋರಿಮರ್ ಕಲಾಕೃತಿಗಳ ನೇರಳಾತೀತ ಪರೀಕ್ಷೆಯ ಬಗ್ಗೆ 1931ರಲ್ಲಿ ಪುಸ್ತಕ ತಂದ. ಹೊಸದಾಗಿ ಕಡೆದ ಅಮೃತಶಿಲೆ ಒಂದು ಬಣ್ಣದಲ್ಲಿ, ಶತಮಾನ ಕಂಡದ್ದು ಇನ್ನೊಂದರಲ್ಲಿ ಬೆಳಗುವುದು ಅವನ ಮುಖ್ಯ ಆಸಕ್ತಿಗಳಲ್ಲೊಂದು.

ಆ ದಶಕದ ಅತ್ಯಂತ ಸುಂದರ ಶೋಧ ಲಂಡನ್ನಿನದು. 4ನೇ ಶತಮಾನದ ಬೈಬಲ್ ಹಸ್ತಪ್ರತಿ ಕೋಡೆಕ್ಸ್ ಸಿನೈಟಿಕಸ್ಸನ್ನು ಬ್ರಿಟಿಷ್ ಮ್ಯೂಸಿಯಂ 1933ರಲ್ಲಿ ಸೋವಿಯತ್ ಸರ್ಕಾರದಿಂದ 1 ಲಕ್ಷ ಪೌಂಡಿಗೆ ಕೊಂಡಿತು. ಮಿಲ್ನ್ ಮತ್ತು ಸ್ಕೀಟ್ ಎಂಬ ಇಬ್ಬರು ಅದನ್ನು ದೀಪದ ಕೆಳಗೆ ಇಟ್ಟು ಯೋಹಾನನ ಸುವಾರ್ತೆಯ ಕೊನೆಯ ಪುಟ ನೋಡಿದರು. ಕೊನೆಯ ಅಧ್ಯಾಯ 24ನೇ ವಚನಕ್ಕೇ ಮುಗಿದಿತ್ತು. ಲಿಪಿಕಾರ ಅಲ್ಲಿಗೇ ಸಮಾಪ್ತಿಯ ಅಲಂಕಾರ ಎಳೆದು ಶೀರ್ಷಿಕೆಯನ್ನೂ ಬರೆದಿದ್ದ. ಆಮೇಲೆ ಅದನ್ನು ಒರೆಸಿ, 25ನೇ ವಚನ ಸೇರಿಸಿ, ಅಲಂಕಾರವನ್ನು ಕೆಳಗೆ ಮತ್ತೊಮ್ಮೆ ಎಳೆದಿದ್ದ. ಹಗಲಿನಲ್ಲಿ ಇದರ ಸುಳಿವೇ ಇರಲಿಲ್ಲ. ಆ ವಚನ ಮೂಲದ್ದೋ ಅಲ್ಲವೋ ಎಂದು ದೀಪ ಹೇಳಲಿಲ್ಲ; ಆ ವಾದ ಪಂಡಿತರದು. ಒಬ್ಬ ಮನುಷ್ಯ ಲೇಖನಿ ಕೆಳಗಿಟ್ಟು, ಮತ್ತೆ ಎತ್ತಿಕೊಂಡ ಎಂಬುದಷ್ಟೇ ದೀಪದ ಮಾತು. ನನಗೆ ಅದೇ ದೊಡ್ಡದು.

ಇಲ್ಲಿಯವರೆಗಿನದೆಲ್ಲ ಬಹುಮಟ್ಟಿಗೆ ಚರ್ಮದ ಹಾಳೆಯ ಮಾತಾಯಿತು. ಕಾಗದದ ಸ್ವಭಾವ ಬೇರೆ. ಹಳೆಯ ಯೂರೋಪಿನ ಚಿಂದಿ ಕಾಗದಕ್ಕೆ ಶಾಯಿ ಹೀರದಂತೆ ಜೆಲಟಿನ್ ಲೇಪ ಕೊಡುತ್ತಿದ್ದರು. ಆ ಜೆಲಟಿನ್ ತಿಳಿನೀಲಿಯ ಬಿಳುಪಿನಲ್ಲಿ ಬೆಳಗುತ್ತದೆ. ನಮ್ಮ ದೇಶದ ಕೈಕಾಗದಕ್ಕೆ ಗಂಜಿ ಹಚ್ಚಿ, ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. 1807ರಲ್ಲಿ ಜರ್ಮನಿಯ ಇಲ್ಲಿಗ್ ಹೇಳಿಕೊಟ್ಟ ರಾಳ ಮತ್ತು ಪಟಿಕದ ಲೇಪ ಯಂತ್ರಕಾಗದದ ಜೊತೆಗೆ ಬಂತು. ಮರವನ್ನು ಹಾಗೆಯೇ ಅರೆದು ಮಾಡಿದ ವಾರ್ತಾಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ತುಂಬಿರುವುದರಿಂದ ದೀಪದ ಕೆಳಗೆ ಅದು ಮಂಕುಮಂಕು. ಹೀಗೆ ಒಂದೇ ಪುಸ್ತಕದಲ್ಲಿ ನಡುವೆ ಬದಲಾಯಿಸಿದ ನಾಲ್ಕು ಹಾಳೆ ಇದ್ದರೆ, ಹಗಲಲ್ಲಿ ಅಣ್ಣತಮ್ಮಂದಿರಂತೆ ಕಂಡರೂ ಕತ್ತಲೆಯಲ್ಲಿ ಬೇರೆಬೇರೆ ಮನೆಯವರಾಗುತ್ತವೆ.

ನಮ್ಮ ಮನೆಯ ಒಂದು ಹಳೆಯ ಕ್ರಯಪತ್ರವನ್ನು ನಾನು ಹೀಗೆ ನೋಡಿದ್ದುಂಟು. ಮೊದಲು ಬಜಾರಿನ ಅಗ್ಗದ ನೇರಳೆ ಟಾರ್ಚು ತಂದೆ. ಅದು 395 ನ್ಯಾನೊಮೀಟರಿನದು. ಅದರ ಸ್ವಂತ ನೇರಳೆ ಬೆಳಕೇ ಕಾಗದದ ಮೇಲೆಲ್ಲ ಚೆಲ್ಲಿ, ಎಲ್ಲವೂ ನೇರಳೆ ಹಣ್ಣಿನ ರಸದಲ್ಲಿ ಅದ್ದಿದಂತೆ ಕಂಡಿತೇ ಹೊರತು ಬೇರೇನೂ ತಿಳಿಯಲಿಲ್ಲ. ಆಮೇಲೆ ಸೋಸುಗ ಇರುವ 365ರ ದೀಪ ಸಿಕ್ಕಿತು. ಕಿಟಕಿಗೆ ಕಂಬಳಿ ಹೊದಿಸಿ, ಕನ್ನಡಕ ಹಾಕಿಕೊಂಡು, ಕಣ್ಣು ಕತ್ತಲೆಗೆ ಒಗ್ಗಲು ಐದು ನಿಮಿಷ ಕೂತೆ. ದೀಪ ಹಾಕಿದೊಡನೆ ಮೊದಲು ಹೊಳೆದದ್ದು ಪತ್ರವಲ್ಲ, ನನ್ನ ಅಂಗಿ; ಆಮೇಲೆ ನನ್ನ ಉಗುರು. ಅಂಗಿಯಿಂದ ಉದುರಿದ ಹತ್ತಿಯ ಎಳೆಗಳು ಪತ್ರದ ಮೇಲೆ ನಕ್ಷತ್ರಗಳಂತೆ ಮಿನುಗಿದವು. ಕಪ್ಪು ಅಂಗಿ ತೊಟ್ಟು ಬಂದು ಮತ್ತೆ ನೋಡಿದೆ. ಕಾಗದ ಮಸುಕು ಕೆನೆಬಣ್ಣ. ಹಗಲಲ್ಲಿ ಕಂದಾಗಿದ್ದ ಬರಹ ಈಗ ಕಡುಕಪ್ಪು. ಕೆಳಗಿನ ಮೂಲೆಯಲ್ಲಿ ಎಂದೋ ಸೋರಿದ ನೀರು ಎಲ್ಲಿಯವರೆಗೆ ಏರಿ ನಿಂತಿತ್ತೋ ಅಲ್ಲಿ ಹಳದಿ ಮಿಶ್ರಿತ ಒಂದು ಗೆರೆ, ಕೆರೆಯ ಅಂಚಿನ ಹಾಗೆ. ಹಗಲಲ್ಲಿ ಅರ್ಧ ಗೆರೆಯಷ್ಟೇ ಕಾಣುತ್ತಿತ್ತು. ಬೆನ್ನಿಗೆ ಯಾರೋ ಅಂಟಿಸಿದ ತೇಪೆ ಮಾತ್ರ ಬೆಳ್ಳಗೆ ಉರಿಯುತ್ತಿತ್ತು: ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಪತ್ರಕ್ಕಿಂತ ಐವತ್ತು ವರ್ಷವಾದರೂ ಕಿರಿಯದು ಅದು. ನಮ್ಮ ಮನೆಯಲ್ಲಿ ಅಂಥ ಹಾಳೆ ಹರಿಯುವ ವಯಸ್ಸಿನವನಾಗಿ ಇದ್ದವನು ನಾನೊಬ್ಬನೇ.

ಹಳೆಯ ಕಾಗದದಲ್ಲಿ ಏಳುವ ಕಂದು ಚುಕ್ಕೆಗಳ ವಿಷಯದಲ್ಲಿ ದೀಪ ಇನ್ನೂ ಸೂಕ್ಷ್ಮ. ಚುಕ್ಕೆ ಕಣ್ಣಿಗೆ ಬೀಳುವ ಮೊದಲೇ ಆ ಜಾಗ ತಿಳಿಹಳದಿಯಾಗಿ ಬೆಳಗಬಲ್ಲದು. ಚುಕ್ಕೆ ಬಲಿತು ಕಂದಾದ ಮೇಲೆ ಅದೇ ಜಾಗ ಬೆಳಕು ನುಂಗಿ ಕಪ್ಪಾಗುತ್ತದೆ. ಅಂದರೆ ನಾಳೆ ಬರುವ ಕಾಯಿಲೆಯನ್ನು ಇಂದೇ ತೋರಿಸುವ ದೀಪ ಇದು. ಕಾಗದ ತೊಳೆಯುವ ಮುನ್ನ ಮತ್ತು ತೊಳೆದ ಮೇಲೆ ಸಂರಕ್ಷಕರು ಹೀಗೆ ಚಿತ್ರ ತೆಗೆದಿಟ್ಟುಕೊಳ್ಳುವುದು ಇದಕ್ಕೇ. ಕಲೆ ಹೋಯಿತೆಂದು ಹಗಲು ಹೇಳಿದರೂ, ಕಲೆ ಮಾಡಿದ ವಸ್ತು ಉಳಿದಿದೆಯೇ ಎಂಬುದು ಕತ್ತಲೆಗೇ ಗೊತ್ತು.

ಶಾಯಿಯ ಬಗ್ಗೆ ಒಂದು ಎಚ್ಚರ. ಯೂರೋಪಿನಲ್ಲಿ ದೀಪ ಅಷ್ಟು ಹೆಸರು ಮಾಡಿದ್ದು ಅಲ್ಲಿನ ಶಾಯಿ ಕಬ್ಬಿಣದ್ದಾದ್ದರಿಂದ. ಕಬ್ಬಿಣ ಮತ್ತು ಟ್ಯಾನಿನ್ ಕೂಡಿದ ಶಾಯಿ ನಾರಿನೊಳಗೆ ಇಳಿಯುತ್ತದೆ, ತೊಳೆದರೂ ಸ್ವಲ್ಪ ಉಳಿಯುತ್ತದೆ, ನೇರಳಾತೀತವನ್ನು ಗಟ್ಟಿಯಾಗಿ ನುಂಗುತ್ತದೆ. ನಮ್ಮ ಹಸ್ತಪ್ರತಿಗಳ ಮಸಿ ಹೆಚ್ಚಾಗಿ ಕಾಡಿಗೆಯದು. ಅದು ಮೇಲೆಯೇ ಕೂತಿರುತ್ತದೆ. ನೀರು ಬಿದ್ದು ಕೊಚ್ಚಿಹೋದರೆ ದೀಪಕ್ಕೆ ಹುಡುಕಲು ಏನೂ ಉಳಿಯದು. ಅಳಲೆಕಾಯಿ ಮತ್ತು ಅನ್ನಭೇದಿಯಿಂದ ಮಾಡಿದ ಶಾಯಿಯಾದರೆ ಅದು ಗಂಟುಕಾಯಿ ಶಾಯಿಯ ಹತ್ತಿರದ ನೆಂಟ, ಅಲ್ಲಿ ದೀಪಕ್ಕೆ ಕೆಲಸವುಂಟು. ಹಾಗಾಗಿ ದೀಪ ಹಚ್ಚುವ ಮೊದಲು ಮಸಿ ಕಾಸಿದವನು ಯಾವ ಪಾತ್ರೆಗೆ ಏನು ಹಾಕಿದ್ದ ಎಂದು ಕೇಳಿಕೊಳ್ಳಬೇಕು. ಪರದೇಶದ ಕೈಪಿಡಿ ಈ ಪ್ರಶ್ನೆ ಕೇಳುವುದಿಲ್ಲ.

ಬಣ್ಣಗಳಲ್ಲಿ ಮಾತ್ರ ದೀಪ ನಮ್ಮ ನೆಲದ್ದೊಂದನ್ನು ತಟ್ಟನೆ ಗುರುತಿಸುತ್ತದೆ. ಮೊಘಲ್ ಮತ್ತು ರಾಜಸ್ಥಾನದ ಕಿರುಚಿತ್ರಗಳಲ್ಲಿ ಕಾಣುವ ಪಿಯೂರಿ ಎಂಬ ಹಳದಿ, ಯೂರೋಪಿನವರ ಬಾಯಲ್ಲಿ ಇಂಡಿಯನ್ ಯೆಲ್ಲೊ, ದೀಪದ ಕೆಳಗೆ ದೀಪಾವಳಿಯ ಹಣತೆಯಂತೆ ಉರಿಯುತ್ತದೆ. ಅದೇ ಚಿತ್ರದಲ್ಲಿ ಅರಿದಾಳದಿಂದ ಬಳಿದ ಹಳದಿ ಇದ್ದರೆ ಅದು ಮಂಕಾಗಿಯೇ ಉಳಿಯುತ್ತದೆ. ಹಗಲಲ್ಲಿ ಎರಡೂ ಬರೀ ಹಳದಿ. ಪಿಯೂರಿಯ ಮೂಲದ ಬಗ್ಗೆ 1883ರಲ್ಲಿ ಟಿ. ಎನ್. ಮುಖರ್ಜಿ ಲಂಡನ್ನಿನ ಪತ್ರಿಕೆಯೊಂದಕ್ಕೆ ಬರೆದರು: ಬಿಹಾರದ ಮುಂಗೇರ್ ಬಳಿ ಗೋಪಾಲಕರ ಒಂದು ಗುಂಪು ಹಸುಗಳಿಗೆ ಮಾವಿನೆಲೆ ತಿನ್ನಿಸಿ, ಅವುಗಳ ಗಂಜಳವನ್ನು ಕಾಸಿ ಈ ಬಣ್ಣದ ಉಂಡೆ ಮಾಡುತ್ತದೆ ಎಂದು. ಬಹಳ ಜನ ಇದನ್ನು ಕಟ್ಟುಕಥೆ ಎಂದರು. ಮುಖರ್ಜಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಕಳಿಸಿದ್ದ ಉಂಡೆಗಳನ್ನು ಇತ್ತೀಚೆಗೆ ರಾಸಾಯನಿಕವಾಗಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ, ಗಂಜಳದಲ್ಲಿರುವ ಹಿಪ್ಪ್ಯೂರಿಕ್ ಆಮ್ಲದ ಗುರುತು ಕಂಡು, ಅವರ ಮಾತಿಗೆ ಬಲ ಕೊಟ್ಟಿತು. ಹೊಳಪನ್ನು ದೀಪ ತೋರಿಸಿತು. ಹಸುವನ್ನು ತೋರಿಸಲು ರಸಾಯನಶಾಸ್ತ್ರ ಬೇಕಾಯಿತು.

ಈಗ ನನ್ನ ನೋಟಿನ ವಿಷಯಕ್ಕೆ ಮರಳಬಹುದು. 1929ರಲ್ಲಿ ಜರ್ಮನಿಯ ಪೌಲ್ ಕ್ರೈಸ್, ಹಾರ್ಸ್ ಚೆಸ್ಟ್‌ನಟ್ ಎಂಬ ಮರದ ತೊಗಟೆಯ ಸಾರದಲ್ಲಿ ಬಟ್ಟೆ ಅದ್ದಿದರೆ ಅದು ಹೆಚ್ಚು ಬೆಳ್ಳಗೆ ಕಾಣುವುದನ್ನು ವರದಿ ಮಾಡಿದ. ಕೊಳೆ ಹೋದದ್ದರಿಂದಲ್ಲ, ಸಾರದಲ್ಲಿದ್ದ ಎಸ್ಕ್ಯುಲಿನ್ ಬಿಸಿಲಿನ ನೇರಳಾತೀತವನ್ನು ನೀಲಿಯಾಗಿ ಮರಳಿಸಿ ಬಟ್ಟೆಯ ಹಳದಿಯನ್ನು ಮುಚ್ಚುತ್ತಿತ್ತು. ನಮ್ಮ ಮನೆಗಳಲ್ಲಿ ಬಿಳಿ ಪಂಚೆಗೆ ನೀಲಿ ಅದ್ದುವುದರ ದಾಯಾದಿ ಇದು. ಮುಂದಿನ ಒಂದು ದಶಕದಲ್ಲಿ ಜರ್ಮನಿಯ ಕಾರ್ಖಾನೆಗಳು ಸ್ಟಿಲ್ಬೀನ್ ಎಂಬ ಅಣುವಿನಿಂದ ಗಟ್ಟಿಮುಟ್ಟಾದ ಬಿಳಿಕಾರಕಗಳನ್ನು ತಯಾರಿಸಿದವು. ಎರಡನೇ ಮಹಾಯುದ್ಧದ ನಂತರ, ಸುಮಾರು 1950ರಿಂದ ಈಚೆಗೆ, ಕಾಗದದಲ್ಲಿ ಅವುಗಳ ಬಳಕೆ ಹಬ್ಬಿತು. ಕಾಗದದ ಚರಿತ್ರೆಯಲ್ಲಿ ಹೀಗೊಂದು ಗಡಿಕಲ್ಲು ನಿಂತಿತು. ನೆಟ್ಟವರಿಗೆ ತಾವು ಗಡಿ ನೆಡುತ್ತಿದ್ದೇವೆಂಬ ಅರಿವಿರಲಿಲ್ಲ.

ಆ ಗಡಿಕಲ್ಲಿಗೆ ಎಡವಿ ಬಿದ್ದವರಲ್ಲಿ ಪ್ರಸಿದ್ಧರು ಜರ್ಮನಿಯ ‘ಸ್ಟರ್ನ್’ ಪತ್ರಿಕೆಯವರು. 1983ರ ಏಪ್ರಿಲ್ 25ರಂದು ಹಿಟ್ಲರನ ದಿನಚರಿಗಳು ಸಿಕ್ಕಿವೆಯೆಂದು ಪತ್ರಿಕಾಗೋಷ್ಠಿ ಕರೆದು ಸಾರಿದರು. 60ಕ್ಕೂ ಹೆಚ್ಚು ಸಂಪುಟಗಳಿಗೆ 93 ಲಕ್ಷ ಮಾರ್ಕ್ ಕೊಟ್ಟಿದ್ದರು. ಕೈಬರಹ ತಜ್ಞರು ಸರಿಯೆಂದಿದ್ದರು. ಹೋಲಿಕೆಗೆ ಅವರಿಗೆ ಕೊಟ್ಟ ಮಾದರಿಗಳಲ್ಲೂ ಅದೇ ಖೋಟಾಕಾರ ಕೊನ್ರಾಡ್ ಕುಯಾವ್‌ನ ಕೈ ಇತ್ತು. ಕಾಗದವನ್ನು ನೇರಳಾತೀತ ದೀಪದ ಕೆಳಗೆ ಇಟ್ಟಾಗ ಅದು ಹೊಳೆಯಿತು. ಯುದ್ಧಾನಂತರದ ಬಿಳಿಕಾರಕ ಅದರಲ್ಲಿತ್ತು. ಮೇ 6ರಂದು ಪಶ್ಚಿಮ ಜರ್ಮನಿಯ ರಾಷ್ಟ್ರೀಯ ಪತ್ರಾಗಾರ ಇವು ಖೋಟಾ ಎಂದು ಪ್ರಕಟಿಸಿತು. ಹನ್ನೊಂದು ದಿನದ ವೈಭವ. ಛಾಯಾಚಿತ್ರ ಮಾರುಕಟ್ಟೆಯಲ್ಲೂ ಹೀಗೇ ಆಯಿತು. ಬಾಲಕಾರ್ಮಿಕರ ಚಿತ್ರಗಳಿಂದ ಹೆಸರಾದ ಲೂಯಿಸ್ ಹೈನ್ 1940ರಲ್ಲಿ ತೀರಿಕೊಂಡ. ಅವನೇ ಮುದ್ರಿಸಿದ್ದೆಂದು ಮಾರಾಟವಾಗಿದ್ದ ಕೆಲವು ಪ್ರತಿಗಳ ಕಾಗದ ದೀಪದ ಕೆಳಗೆ ನೀಲಿಯಾಗಿ ಹೊಳೆದದ್ದು 1990ರ ದಶಕದ ಕೊನೆಗೆ ದೊಡ್ಡ ವಿವಾದವಾಯಿತು. ಸಂರಕ್ಷಕ ಪಾಲ್ ಮೆಸ್ಸಿಯರ್ ಮತ್ತು ಸಂಗಡಿಗರು ಆಮೇಲೆ ತಾರೀಖು ಗೊತ್ತಿರುವ ಫೋಟೊ ಕಾಗದಗಳನ್ನು ಒಟ್ಟುಹಾಕಿ, ಬಿಳಿಕಾರಕ ಯಾವಾಗಿನಿಂದ ಕಾಣಿಸಿಕೊಂಡಿತು ಎಂದು ಕೂತು ಪಟ್ಟಿ ಮಾಡಿದರು. ಗಡಿಕಲ್ಲನ್ನು ಹೀಗೆ ಅಳೆದು ನೆಡಬೇಕಾಯಿತು.

ಆದರೆ ಈ ತರ್ಕ ಒಂದೇ ದಿಕ್ಕಿನದು. ಕಾಗದದ ನಾರಿನಲ್ಲೇ ಬಿಳಿಕಾರಕ ಬೆರೆತಿದ್ದರೆ ಅದು ಯುದ್ಧಾನಂತರದ್ದು. ಹೊಳೆಯದಿದ್ದರೆ ಹಳೆಯದು ಎಂದೇನೂ ಅಲ್ಲ. ಇಂದಿಗೂ ಬಿಳಿಕಾರಕ ಹಾಕದ ಕಾಗದ ತಯಾರಾಗುತ್ತದೆ, ನೋಟಿನ ಕಾಗದವೇ ಸಾಕ್ಷಿ. ಹೊಳಪು ನಾರಿನೊಳಗಿನದೋ ಮೇಲೆ ಅಂಟಿದ್ದೋ ಎಂದು ನೋಡದೆ ತೀರ್ಪು ಕೊಟ್ಟರೆ ಅಸಲಿ ನೋಟೂ ವಾಪಸು ಬರುತ್ತದೆ.

ಈ ತರ್ಕದ ಮಿತಿ ಪೂರ್ತಿ ಬಯಲಾದದ್ದು ಅಮೆರಿಕದ ಮಾರ್ಕ್ ಹಾಫ್‌ಮನ್ ಪ್ರಕರಣದಲ್ಲಿ. ಸಾಲ್ಟ್ ಲೇಕ್ ಸಿಟಿಯ ಈ ಹಳೆಪತ್ರಗಳ ವ್ಯಾಪಾರಿ ಮಾರ್ಮನ್ ಪಂಥದ ಚರಿತ್ರೆಯನ್ನೇ ಅಲುಗಿಸುವ ಪತ್ರಗಳನ್ನು ಒಂದರ ಹಿಂದೊಂದು ಹೊರತೆಗೆಯುತ್ತಿದ್ದ. ಅವನು ಜಾಣ. 19ನೇ ಶತಮಾನದ ಪುಸ್ತಕಗಳ ಖಾಲಿ ಹಾಳೆ ಹರಿದು ಬಳಸುತ್ತಿದ್ದ, ಶಾಯಿಯನ್ನು ಹಳೆಯ ಪಾಕದಂತೆ ತಾನೇ ಕುದಿಸುತ್ತಿದ್ದ, ರಾಸಾಯನಿಕದಿಂದ ಅದಕ್ಕೆ ಮುಪ್ಪು ಬರಿಸುತ್ತಿದ್ದ. ಬಿಳಿಕಾರಕದ ಪ್ರಶ್ನೆಯೇ ಏಳದು, ಏಕೆಂದರೆ ಕಾಗದ ನಿಜವಾಗಿಯೂ ಹಳೆಯದು. 17ನೇ ಶತಮಾನದ್ದೆಂದು ಅವನು ತಂದ ಒಂದು ಮುದ್ರಿತ ಹಾಳೆಯನ್ನು ದೊಡ್ಡ ಗ್ರಂಥಾಲಯಗಳ ಪರೀಕ್ಷೆಗಳೂ ಖೋಟಾ ಎಂದು ಹಿಡಿಯಲಿಲ್ಲ. 1985ರ ಅಕ್ಟೋಬರ್ 15ರಂದು, ತನ್ನ ಮೋಸ ಬಯಲಾಗುವ ಭಯದಲ್ಲಿ, ಅವನಿಟ್ಟ ಬಾಂಬುಗಳಿಗೆ ಇಬ್ಬರು ಬಲಿಯಾದ ಮೇಲೆ ಆ ಪತ್ರಗಳು ಪರೀಕ್ಷಕರಾದ ಥ್ರಾಕ್‌ಮಾರ್ಟನ್ ಮತ್ತು ಫ್ಲಿನ್ ಅವರ ಮೇಜಿಗೆ ಬಂದವು.

ಅವರು ಮಾಡಿದ್ದು ಕೇವಲ ಒಂದು ಪತ್ರವನ್ನು ದೀಪದ ಕೆಳಗೆ ಇಡುವುದಲ್ಲ. ಹಾಫ್‌ಮನ್ ಕೈಯಿಂದ ಬಂದವನ್ನೂ, ಅದೇ ಕಾಲದ ನಿಸ್ಸಂದೇಹ ಪತ್ರಗಳನ್ನೂ ಒಟ್ಟಿಗೆ ಇಟ್ಟು ನೋಡಿದರು. ಮೊದಲನೆಯ ಗುಂಪಿನಲ್ಲಿ ಮಾತ್ರ ಎರಡು ಸಂಗತಿ ಕಂಡವು. ಸೂಕ್ಷ್ಮದರ್ಶಕದಲ್ಲಿ ಶಾಯಿಯ ಮೈ ಬಿಸಿಲಿಗೆ ಒಡೆದ ಕೆರೆಯ ಮಣ್ಣಿನಂತೆ ಬಿರುಕುಬಿಟ್ಟಿತ್ತು. ನೇರಳಾತೀತದಲ್ಲಿ ಕಾಗದದ ಮೇಲೆ ನೀಲಿ ಮಬ್ಬು ಕವಿದಿತ್ತು, ಅಕ್ಷರಗಳಿಂದ ಶಾಯಿ ಒಂದೇ ದಿಕ್ಕಿಗೆ, ಕೆಳಮುಖವಾಗಿ, ಸಣ್ಣಗೆ ಇಳಿದಿತ್ತು. ಮುಪ್ಪಿನ ಔಷಧ ಹಚ್ಚಿದ ಹಾಳೆಯನ್ನು ಒಣಗಲು ಹಗ್ಗಕ್ಕೆ ನೇತುಹಾಕಿದ್ದ. ನೀರು ಇಳಿಯುವ ದಿಕ್ಕಿಗೆ ಅವನ ಜಾಣತನ ಅಡ್ಡ ಬರಲಾಗಲಿಲ್ಲ. ಕಾಗದದ ವಯಸ್ಸು ಕೇಳಿದಾಗ ಉತ್ತರ ಕೊಡದ ದೀಪ, ಆ ಕಾಗದ ಒಂದು ಮಧ್ಯಾಹ್ನ ಹೇಗೆ ನೇತಾಡುತ್ತಿತ್ತು ಎಂದು ಕೇಳಿದ ಕೂಡಲೇ ಹೇಳಿಬಿಟ್ಟಿತು. 1987ರ ಜನವರಿಯಲ್ಲಿ ಹಾಫ್‌ಮನ್ ತಪ್ಪೊಪ್ಪಿಕೊಂಡ.

ಇತ್ತೀಚಿನ ದಶಕಗಳಲ್ಲಿ ನೇರಳಾತೀತ ಒಂಟಿಯಾಗಿ ದುಡಿಯುವುದು ಕಡಿಮೆ. ನೇರಳಾತೀತದಿಂದ ಅವಕೆಂಪಿನವರೆಗೆ ಒಂದೊಂದೇ ಬಣ್ಣದ ಎಲ್‌ಇಡಿ ಬೆಳಕಿನಲ್ಲಿ ಹಾಳೆಯ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಕೂಡಿಸಿ ಕಳೆದು ನೋಡುತ್ತಾರೆ. 1871ರಲ್ಲಿ ಮಧ್ಯ ಆಫ್ರಿಕದಲ್ಲಿ ಕಾಗದ, ಶಾಯಿ ಎರಡೂ ಮುಗಿದಾಗ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ ಹಳೆಯ ಇಂಗ್ಲಿಷ್ ವಾರ್ತಾಪತ್ರಿಕೆಯ ಮೇಲೆ, ಅಚ್ಚಾದ ಸಾಲುಗಳಿಗೆ ಅಡ್ಡಲಾಗಿ, ಗಿಡದ ಕಾಯಿಯ ರಸದಿಂದ ದಿನಚರಿ ಬರೆದ. ರಸ ಮಾಸಿತು, ಪತ್ರಿಕೆಯ ಅಚ್ಚು ಉಳಿಯಿತು. ಅಚ್ಚಿನ ಮಸಿ ಇಂಗಾಲದ್ದು, ಎಲ್ಲ ಬೆಳಕಿನಲ್ಲೂ ಕಪ್ಪು. ಕಾಯಿರಸವಾದರೋ ಅವಕೆಂಪಿನಲ್ಲಿ ಮಾಯವಾಗುತ್ತದೆ. ಒಂದರಿಂದ ಇನ್ನೊಂದನ್ನು ಕಳೆದಾಗ, ಆ ವರ್ಷದ ಜುಲೈ 15ರಂದು ನ್ಯಾಂಗ್ವೆ ಸಂತೆಯಲ್ಲಿ ನಡೆದ ಹತ್ಯಾಕಾಂಡವನ್ನು ಅವನು ಆ ಕ್ಷಣದಲ್ಲಿ ಹೇಗೆ ಬರೆದಿದ್ದ ಎಂಬುದು 2011ರ ಹೊತ್ತಿಗೆ ಓದಲು ಸಿಕ್ಕಿತು. ಅವನ ಮರಣದ ನಂತರ 1874ರಲ್ಲಿ ಅಚ್ಚಾದ ದಿನಚರಿಯ ಪಾಠವನ್ನು ಇದರ ಪಕ್ಕ ಇಟ್ಟು ನೋಡುವ ದಾರಿ ಆಗ ತೆರೆಯಿತು. ಗಾಜಿನ ಫಲಕ ಒಂದರ ಮೇಲೊಂದು ಇಡುತ್ತಿದ್ದ ಪ್ರಿಂಗ್ಸ್‌ಹೈಮ್‌ಗೆ ಈ ಕಳೆಯುವ ಲೆಕ್ಕ ಹೊಸದೆನಿಸುತ್ತಿರಲಿಲ್ಲ.

ಬಿಟ್ಟಿಯಾಗಿ ಯಾವ ಬೆಳಕೂ ಓದಿಸುವುದಿಲ್ಲ. ಕಾಗದದ ನಾರನ್ನು ಕತ್ತರಿಸುವ, ಬಣ್ಣವನ್ನು ಮಾಸಿಸುವ ಶಕ್ತಿ ಬೆಳಕಿನ ಈ ತುದಿಯಲ್ಲೇ ಹೆಚ್ಚು. ಅದಕ್ಕೇ ಸಂಗ್ರಹಾಲಯಗಳು ಕಾಗದದ ಕೃತಿಗಳಿಗೆ ಸುಮಾರು 50 ಲಕ್ಸ್ ಬೆಳಕನ್ನಷ್ಟೇ ಕೊಟ್ಟು, ಅದರಲ್ಲೂ ನೇರಳಾತೀತವನ್ನು ಸೋಸಿ ತೆಗೆಯುತ್ತವೆ. ಪ್ರದರ್ಶನದಲ್ಲಿ ಹೊರಗಿಟ್ಟ ಶತ್ರುವನ್ನು ಪರೀಕ್ಷೆಯ ಕೋಣೆಗೆ ಕೆಲವು ನಿಮಿಷಕ್ಕೆ ಒಳಗೆ ಕರೆಯುವುದು ಈ ಕೆಲಸದ ಕರಾರು. 254 ನ್ಯಾನೊಮೀಟರಿನ ಗಿಡ್ಡ ಅಲೆಯ ದೀಪವನ್ನು ಬಳಸುವುದು ಅಪರೂಪ. ಅದು ಕಾಗದಕ್ಕೂ ಕೆಟ್ಟದ್ದು, ಕಣ್ಣಿಗೂ ಕೆಟ್ಟದ್ದು.

ಬಾಯ್ರೋನ್‌ನ ಕೋಗೆಲ್ ಪ್ಯಾಲಿಂಪ್ಸೆಸ್ಟ್‌ಗಳಿಗಷ್ಟೇ ನಿಲ್ಲಲಿಲ್ಲ. ಬೆಳಕು ಬಿದ್ದಲ್ಲಿ ನಾಶವಾಗುವ ಡಯಾಜೊ ಸಂಯುಕ್ತಗಳಿಂದ ಕಾಗದದ ಮೇಲೆ ನಕಲು ತೆಗೆಯುವ ವಿಧಾನವನ್ನು ಆತ ರೂಪಿಸಿದ. 1920ರ ದಶಕದಲ್ಲಿ ಜರ್ಮನಿಯ ಕಾಲೆ ಕಂಪನಿ ಅದನ್ನು ಓಜಲಿಡ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ನೇರಳಾತೀತ ಬೆಳಕು ತಾಗಿದ ಕಡೆ ಬಿಳುಪು, ಗೆರೆಯ ನೆರಳಿದ್ದ ಕಡೆ ಅಮೋನಿಯಾ ಹಬೆಗೆ ನೀಲಿ. ಲೋಕೋಪಯೋಗಿ ಇಲಾಖೆಯಲ್ಲಿ, ನಗರಸಭೆಗಳಲ್ಲಿ ಎಂಜಿನಿಯರುಗಳು ಅಮೋನಿಯಾ ಪ್ರಿಂಟ್ ಎಂದು ಕರೆಯುತ್ತಿದ್ದ, ಮೂಗು ಸುಡುವ ವಾಸನೆಯ ಆ ಮನೆಪ್ಲಾನುಗಳೆಲ್ಲ ಇದೇ ಸಂನ್ಯಾಸಿಯ ಇನ್ನೊಂದು ದೀಪದ ಮಕ್ಕಳು. ಹಳೆಯ ಸೇತುವೆ, ಕಾಲುವೆ, ಶಾಲೆಗಳ ಎಷ್ಟೋ ನಕ್ಷೆ ಅದೊಂದೇ ಪ್ರತಿಯಲ್ಲಿ ಉಳಿದಿವೆ. ಬೆಳಕಿಗೆ ಅವುಗಳ ನೀಲಿ ಗೆರೆ ಮಾಸುತ್ತದೆ, ಬಿಳಿ ಭಾಗ ಹಳದಿಗಟ್ಟುತ್ತದೆ. ಪತ್ರಾಗಾರದ ಮೇಜಿನ ಮೇಲೆ ಅಂಥದೊಂದು ನಕ್ಷೆ ಬಿಚ್ಚಿದಾಗ ಕೋಗೆಲ್‌ನ ದೀಪವನ್ನು ಗಡಿಯಾರ ನೋಡಿಕೊಂಡೇ ಹಚ್ಚಬೇಕು.